ಪುಸ್ತಕ ಮುಚ್ಚಿಟ್ಟು ಕಲಿತ ವಿಜ್ಞಾನ

ಪ್ರೌಢಶಾಲೆಯಲ್ಲಿದ್ದಾಗ ಒಂದು ಅರ್ಧವಾರ್ಷಿಕ ಪರೀಕ್ಷೆಗೆ ನಾನು ವಿಜ್ಞಾನದ ಪ್ರತಿಯೊಂದು ಪಾಠವನ್ನೂ ಮೂರು ಮೂರು ಸಲ ಓದಿದ್ದೆ; ಮುಖ್ಯವೆನಿಸಿದ ಸಾಲುಗಳಿಗೆ ಅಡಿಗೆರೆ ಎಳೆದು, ಅವುಗಳ ಮೇಲೆ ಮತ್ತೆ ಮತ್ತೆ ಕಣ್ಣಾಡಿಸಿ, ಎಲ್ಲವೂ ಬರುತ್ತದೆ ಎಂಬ ಧೈರ್ಯದಿಂದಲೇ ಪರೀಕ್ಷಾ ಕೊಠಡಿಗೆ ಹೋಗಿದ್ದೆ. ಹೃದಯದ ಚಿತ್ರ ಬರೆದು ಭಾಗಗಳನ್ನು ಗುರುತಿಸಬೇಕಾದ ಪ್ರಶ್ನೆಗೆ ಹೊರಗೆರೆ ಎಳೆದ ಕೂಡಲೇ ನನ್ನ ಪೆನ್ಸಿಲ್ ನಿಂತುಹೋಯಿತು. ಪಠ್ಯಪುಸ್ತಕದಲ್ಲಿ ಆ ಚಿತ್ರ ಪುಟದ ಯಾವ ಭಾಗದಲ್ಲಿತ್ತೆಂಬುದು ಕಣ್ಣಿಗೆ ಕಟ್ಟಿದಂತಿತ್ತು, ಆದರೆ ಯಾವ ಕೋಣೆಗೆ ಯಾವ ರಕ್ತನಾಳ ಬಂದು ಸೇರುತ್ತದೆ ಎಂಬುದು ಹೊಳೆಯಲೇ ಇಲ್ಲ.

ನೋಡಿದಾಗ ಗುರುತು ಹತ್ತುವುದು ಬೇರೆ, ನೋಡದೆ ಬರೆಯುವುದು ಬೇರೆ ಎಂದು ಅಂದು ಅರಿವಾಯಿತು. ಅಲ್ಲಿಂದ ಮುಂದೆ ಪಾಠವನ್ನು ಗಮನವಿಟ್ಟು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿರುವುದನ್ನೆಲ್ಲ ಖಾಲಿ ಹಾಳೆಯಲ್ಲಿ ಬರೆದು, ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ಸೇರಿಸುವುದನ್ನು ರೂಢಿ ಮಾಡಿಕೊಂಡೆ. ಮೊದಲ ವಾರಗಳಲ್ಲಿ ಹಾಳೆಯ ಮುಕ್ಕಾಲು ಭಾಗ ಕೆಂಪಾಗಿರುತ್ತಿತ್ತು. ಸುಮ್ಮನೆ ಓದುವಾಗ ಸಿಗುವ ನೆಮ್ಮದಿ ಇದರಲ್ಲಿ ಸಿಗುವುದಿಲ್ಲವಾದ್ದರಿಂದ ಬಿಟ್ಟುಬಿಡಬೇಕೆಂದು ಎಷ್ಟೋ ಸಲ ಅನ್ನಿಸಿತ್ತು. ಈ ವಿಷಯದ ಮೇಲೆ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆ ನಾನು ಓದಿದ್ದು ಬಹಳ ವರ್ಷಗಳ ನಂತರ: ಐದು ನಿಮಿಷ ಬಿಟ್ಟು ಕೇಳಿದರೆ ಪಾಠವನ್ನು ಮತ್ತೆ ಓದಿದವರೇ ಮುಂದಿದ್ದರು, ಒಂದು ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದು ನೋಡಿದವರು ಮುಂದಿದ್ದರು. ನಾನು ಪರೀಕ್ಷೆಯಲ್ಲಿ ಮೋಸ ಹೋದದ್ದಕ್ಕೆ ಕಾರಣ ಆ ಎರಡು ಅವಧಿಗಳ ನಡುವಿನ ಅಂತರದಲ್ಲಿತ್ತು.

ಹೃದಯದ ಚಿತ್ರವನ್ನು ಈ ಬಾರಿ ರಕ್ತ ಸಾಗುವ ದಾರಿಯಾಗಿ ಕಲಿತೆ. ದೇಹದಿಂದ ಮರಳಿದ ರಕ್ತ ಮೇಲಿನ ಕೋಣೆಯಾದ ಬಲ ಹೃತ್ಕರ್ಣಕ್ಕೆ ಬರುತ್ತದೆ, ಅಲ್ಲಿಂದ ಕೆಳಗಿನ ಕೋಣೆಯಾದ ಬಲ ಹೃತ್ಕುಕ್ಷಿಗೆ ಇಳಿದು ಶ್ವಾಸಕೋಶಕ್ಕೆ ಹೋಗುತ್ತದೆ, ಆಕ್ಸಿಜನ್ ಪಡೆದು ಎಡ ಹೃತ್ಕರ್ಣಕ್ಕೆ ಹಿಂತಿರುಗಿ, ಎಡ ಹೃತ್ಕುಕ್ಷಿಯ ಮೂಲಕ ಮಹಾಪಧಮನಿಗೆ ಸೇರುತ್ತದೆ ಎಂದು ಬೆರಳಿನಿಂದ ದಾರಿ ತೋರಿಸುತ್ತಾ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಇಡೀ ದೇಹಕ್ಕೆ ರಕ್ತವನ್ನು ಒತ್ತಬೇಕಾದ್ದರಿಂದ ಎಡ ಹೃತ್ಕುಕ್ಷಿಯ ಗೋಡೆ ಹೆಚ್ಚು ದಪ್ಪವಾಗಿದೆ ಎಂಬ ಕಾರಣ ತಿಳಿದ ಮೇಲೆ ಆ ಗೋಡೆಯನ್ನು ದಪ್ಪವಾಗಿ ಬರೆಯುವುದನ್ನು ಮರೆತದ್ದೇ ಇಲ್ಲ. ಚಿತ್ರದಲ್ಲಿ ಹೃದಯದ ಎಡಭಾಗ ನಮ್ಮ ಬಲಗಡೆಗೆ ಬರುತ್ತದೆ ಎಂಬುದನ್ನು ಮಾತ್ರ ಹಾಳೆಯ ಮೇಲೆ ಹತ್ತಾರು ಸಲ ತಪ್ಪಿ ಕಲಿಯಬೇಕಾಯಿತು.

ಭೌತವಿಜ್ಞಾನದ ಲೆಕ್ಕಗಳಲ್ಲಿ ನನ್ನನ್ನು ಕಾಡುತ್ತಿದ್ದದ್ದು ಚಿಹ್ನೆಗಳು. ಸಂಗಮದೂರ 10 ಸೆಂಟಿಮೀಟರ್ ಇರುವ ಪೀನ ಮಸೂರದ ಮುಂದೆ 15 ಸೆಂಟಿಮೀಟರ್ ದೂರದಲ್ಲಿ ವಸ್ತುವಿದ್ದರೆ ಪ್ರತಿಬಿಂಬ ಎಲ್ಲಿ ಮೂಡುತ್ತದೆ ಎಂಬ ಲೆಕ್ಕಕ್ಕೆ ನಾನು 6 ಸೆಂಟಿಮೀಟರ್ ಎಂದು ಬರೆದಿದ್ದೆ, ಸರಿಯುತ್ತರ 30. ವಸ್ತುದೂರಕ್ಕೆ ಋಣ ಚಿಹ್ನೆ ಹಾಕದಿದ್ದದ್ದೇ ತಪ್ಪು. ಅಂದಿನಿಂದ ಸೂತ್ರ ಬರೆಯುವ ಮೊದಲೇ ಪಕ್ಕದಲ್ಲಿ ಒಂದು ಸಣ್ಣ ಕಿರಣಚಿತ್ರ ಹಾಕತೊಡಗಿದೆ. ವಸ್ತು 10 ಮತ್ತು 20 ಸೆಂಟಿಮೀಟರ್‌ಗಳ ನಡುವೆ ಇದ್ದರೆ ಪ್ರತಿಬಿಂಬ ಇನ್ನೊಂದು ಬದಿಯಲ್ಲಿ 20 ಸೆಂಟಿಮೀಟರ್‌ನ ಆಚೆಗೇ ಬೀಳಬೇಕೆಂದು ಚಿತ್ರವೇ ತೋರಿಸುತ್ತದೆ. 6 ಎಂಬ ಉತ್ತರ ಬಂದರೆ ಎಲ್ಲೋ ಎಡವಿದ್ದೇನೆಂದು ಅಲ್ಲಿಯೇ ತಿಳಿಯುತ್ತದೆ.

ಇಂಥ ತಪ್ಪುಗಳಿಗೆಂದೇ ಒಂದು ತೆಳುವಾದ ನೋಟ್‌ಬುಕ್ ಇಟ್ಟುಕೊಂಡೆ. ಸರಿಯುತ್ತರದ ಜೊತೆಗೆ ಏಕೆ ತಪ್ಪಿದೆ ಎಂಬುದನ್ನೂ ಒಂದು ವಾಕ್ಯದಲ್ಲಿ ಬರೆಯುತ್ತಿದ್ದೆ. ರಾಸಾಯನಿಕ ಸಮೀಕರಣ ಸರಿದೂಗಿಸುವ ಆತುರದಲ್ಲಿ ನೀರಿನ ಸೂತ್ರದೊಳಗೇ ಇನ್ನೊಂದು ಆಕ್ಸಿಜನ್ ಸೇರಿಸಿ, ನೀರನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡಿಬಿಟ್ಟದ್ದು ಆ ನೋಟ್‌ಬುಕ್‌ನ ಮೊದಲ ಪುಟದಲ್ಲಿದೆ. ಅದರ ಕೆಳಗೆ, 'ಸೂತ್ರದ ಒಳಗಿನ ಅಂಕಿಯನ್ನು ಮುಟ್ಟಬಾರದು, ಸೂತ್ರದ ಮೊದಲಿಗೆ ಬರುವ ಅಂಕಿಯನ್ನು ಮಾತ್ರ ಬದಲಿಸಬೇಕು' ಎಂದು ಬರೆದುಕೊಂಡಿದ್ದೇನೆ.

ಒಂದು ಪಾಠವನ್ನು ಬರೆದು ನೋಡಿದ ಮರುದಿನ, ನಾಲ್ಕು ದಿನ ಬಿಟ್ಟು, ಮತ್ತೆ ಹತ್ತು ಹನ್ನೆರಡು ದಿನ ಬಿಟ್ಟು ಖಾಲಿ ಹಾಳೆಯ ಮುಂದೆ ಕೂರುತ್ತಿದ್ದೆ. ಈ ಲೆಕ್ಕಕ್ಕೆ ಯಾವ ಶಾಸ್ತ್ರವೂ ಇರಲಿಲ್ಲ, ಅರ್ಧ ಮರೆತ ಹೊತ್ತಿಗೆ ನೆನಪಿಸಿಕೊಂಡರೆ ಹೆಚ್ಚು ಕಾಲ ಉಳಿಯುತ್ತದೆಂದು ನನ್ನ ಹಾಳೆಗಳೇ ತೋರಿಸಿದ್ದವು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಕೊನೆಯ ಮೂರು ವಾರಗಳಲ್ಲಿ ಗಡಿಯಾರ ಮುಂದಿಟ್ಟುಕೊಂಡು ಬಿಡಿಸಿದೆ. ಪರೀಕ್ಷೆಯ ಹಿಂದಿನ ದಿನ ಹೊಸದೇನನ್ನೂ ಓದದೆ, ತಪ್ಪುಗಳ ನೋಟ್‌ಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ನೋಡಿ, ಹೃದಯದ ಚಿತ್ರವನ್ನು ಪುಸ್ತಕ ತೆರೆಯದೆ ಒಂದು ಸಲ ಬರೆದು, ಬೇಗನೆ ಮಲಗಿದೆ.