ಕೂಲಿ ಕೊಟ್ಟು ಪಾಠ ಮಾಡಿದೆ, ಕೆಲಸ ಆಯ್ತು

"ಇವರಿಗೆ ಓದು ಕಲಿಸಿದರೆ ನಾಳೆ ತೋಟಕ್ಕೆ ಯಾರು ಬರ್ತಾರೆ?" ಅಂತ ನಮ್ಮ ಕಾಫಿ ತೋಟದ ಕೆಲಸದವರ ಬಗ್ಗೆ ಕೇಳುತ್ತಿದ್ದ ಪಕ್ಕದ ತೋಟದ ಅಣ್ಣ, ಈ ಮಳೆಗಾಲಕ್ಕೆ ತಮ್ಮ ಕೆಲಸದವರನ್ನೂ ಪಾಠಕ್ಕೆ ಸೇರಿಸಿಕೊಳ್ಳಿ ಅಂದಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಕೊಡಗಿನ ಸಿದ್ದಾಪುರದ ಕಡೆ. ರೋಬಸ್ಟಾ ಕಾಫಿಯೇ ಜಾಸ್ತಿ. ಲೈನ್ ಮನೆಯಲ್ಲಿ, ಅಂದರೆ ಕೆಲಸದವರ ಸಾಲು ಮನೆಯಲ್ಲಿ, ಹೆಚ್ಚಿನವರು ಎರವ ಬುಡಕಟ್ಟಿನವರು. 2011ರ ಜನಗಣತಿ ಪ್ರಕಾರ ಕೊಡಗಿನ ಸಾಕ್ಷರತೆ ಶೇ. 82 ದಾಟಿದೆ, ಆದರೆ ನಮ್ಮ ಲೈನಿನ ದೊಡ್ಡವರಲ್ಲಿ ಹೆಸರು ಬರೆಯಲು ಬರುತ್ತಿದ್ದವರು ನಾಲ್ಕೈದು ಜನ. ಶಿಕ್ಷಣ ಹಕ್ಕು ಕಾಯ್ದೆ ಇರುವುದು 6ರಿಂದ 14 ವರ್ಷದ ಮಕ್ಕಳಿಗೆ. ನಲವತ್ತು ದಾಟಿದ ಹೆಂಗಸು ಹೆಬ್ಬೆಟ್ಟು ಒತ್ತಿ, ಕೊಟ್ಟಷ್ಟು ತಗೊಂಡು ಹೋಗಬೇಕು. ಅದನ್ನು ನೋಡುತ್ತಾ ಇರಲು ನನ್ನಿಂದ ಆಗಲಿಲ್ಲ.

ಮೊದಲು ರಾತ್ರಿ ಶಾಲೆ ನಡೆಯಿತು. ಆನೆ ಇಳಿಯುವ ಹೊತ್ತಲ್ಲಿ ತೋಟದ ದಾರಿಯಲ್ಲಿ ಯಾರು ನಡೀತಾರೆ ಹೇಳಿ? ನಿಂತುಹೋಯಿತು. ಆಮೇಲೆ ನಿವೃತ್ತ ಮೇಷ್ಟ್ರೊಬ್ಬರಿಗೆ ತಿಂಗಳಿಗೆ ಐದು ಸಾವಿರ ಕೊಟ್ಟು ಭಾನುವಾರ ಕರೆಸಿದೆ. ಒಳ್ಳೆಯವರೇ. ಆದರೆ ರಜೆ ದಿನ ಸಂತೆ ಬಿಟ್ಟು ಯಾರೂ ಬರಲಿಲ್ಲ, ಬಂದವರಿಗೂ ಮನೆಯಲ್ಲಿ ಆಡದ ಕನ್ನಡದಲ್ಲಿ ಅ ಆ ಇ ಈ ತಲೆಗೆ ಹೋಗಲಿಲ್ಲ. ಸ್ಲೇಟು, ಪುಸ್ತಕ, ಸೋಲಾರ್ ದೀಪ ಎಲ್ಲಾ ಸೇರಿ ಮೂವತ್ತು ಸಾವಿರದ ಹತ್ತಿರ ಹೋಯಿತು.

ಕೊನೆಗೆ ಗೆದ್ದಿದ್ದು ಹೀಗೆ. ಕೆಲಸದ ಹೊತ್ತಿನಲ್ಲೇ ಅರ್ಧ ಗಂಟೆ, ವಾರಕ್ಕೆ ಮೂರು ದಿನ, ಕೂಲಿ ಸಮೇತ. ಕಲಿಸಿದ್ದು ಅದೇ ಲೈನಿನ ಪಿಯುಸಿ ಮುಗಿಸಿದ ಹುಡುಗಿ, ಅವರದೇ ಮಾತಲ್ಲಿ. ಜುಲೈನಲ್ಲಿ ಶುರು ಮಾಡಿದೆವು, ಮಳೆಗೆ ಹೇಗೂ ಅರ್ಧ ಕೆಲಸ ನಿಂತಿರುತ್ತದೆ. ಅಕ್ಷರ ಮುಟ್ಟಲೇ ಇಲ್ಲ, ಮೊದಲು ಅಂಕಿ. ಅದೂ ಕನ್ನಡ ಅಂಕಿ ಅಲ್ಲ, 1, 2, 3 ರೂಪದ್ದು ಮಾತ್ರ, ಯಾಕೆಂದರೆ ತಕ್ಕಡಿಯಲ್ಲಿ, ಮೊಬೈಲಲ್ಲಿ, ಬಸ್ ಟಿಕೆಟಲ್ಲಿ ಇರುವುದು ಅದೇ. ಪ್ರತಿಯೊಬ್ಬರಿಗೂ ಒಂದು ಸಣ್ಣ ಪುಸ್ತಕ, ಹಾಜರಿ ಅವರೇ ಬರೆಯಬೇಕು. ಅಂಕಿ ಆದ ಮೇಲೆ ಹೆಸರು, ಗಂಡನ ಹೆಸರು, ಮಕ್ಕಳ ಹೆಸರು. ಅಕ್ಷರಗಳು ಅದರಿಂದಲೇ ಬಂದವು. ಅಂಕಿಯಿಂದ ಅಕ್ಷರಕ್ಕೆ ದಾಟಿಸುವ ಒಂದು ಆಟ ಇದೆ. ಅದನ್ನು ಕಟ್ಟಿದ್ದು ಆ ಹುಡುಗಿ, ಹಾಗಾಗಿ ಇಲ್ಲಿ ಬರೆಯುವುದಿಲ್ಲ. ಬಂದು ಅವಳನ್ನೇ ಕೇಳಿ, ಸಂಭಾವನೆ ಕೊಟ್ಟು ಕರೆದುಕೊಂಡು ಹೋಗಿ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಕಾಂಡಕೊರಕ ಹುಳು ತಡೆಯಲು ಅರೇಬಿಕಾ ಕಾಫಿ ಗಿಡಗಳಿಗೆ ಬಳಿಯಲು ತಂದ ಸುಣ್ಣ ಉಳಿದಿತ್ತು. ನೆರಳಿನ ಸಿಲ್ವರ್ ಓಕ್ ಮರಗಳ ಮೇಲೆ ದೊಡ್ಡದಾಗಿ ಒಂದೊಂದು ಅಕ್ಷರ ಬರೆಸಿದೆ. "ಇವತ್ತು ಕ ಮರದ ಹತ್ತಿರ ಕಸಿ" (ಕಾಫಿ ಗಿಡದ ರೆಂಬೆ ಸವರುವ ಕೆಲಸ) ಅಂತ ಮೇಸ್ತ್ರಿ ಹೇಳುವುದು ರೂಢಿಯಾಯಿತು. ಮಳೆಗೆ ತೊಳೆದು ಹೋಗುತ್ತದೆ, ಮತ್ತೆ ಬರೆಯಬೇಕು. ಈಗ ಅವರೇ ಬರೆಯುತ್ತಾರೆ.

ಖರ್ಚು ಹೇಳುತ್ತೇನೆ. ಇಪ್ಪತ್ತು ಚಿಲ್ಲರೆ ಜನ, ದಿನಕ್ಕೆ 450 ಕೂಲಿ ಅಂದರೆ ಅರ್ಧ ಗಂಟೆಗೆ ತಲಾ 28 ರೂಪಾಯಿ. ತಿಂಗಳಿಗೆ ಏಳು ಸಾವಿರ ಚಿಲ್ಲರೆ, ಹುಡುಗಿಗೆ ಮೂರು ಸಾವಿರ. ಹತ್ತು ಸಾವಿರ ಅಂತಿಟ್ಟುಕೊಳ್ಳಿ. ದಂಡ ಅಂತ ಎಲ್ಲರೂ ಅಂದರು. ಆದರೆ ಹಿಂದೆಲ್ಲ ಕುಯ್ಲಿನ ಬಟವಾಡೆ ದಿನ ತೂಕದ ಜಗಳದಲ್ಲೇ ಮಧ್ಯಾಹ್ನ ಕಳೆಯುತ್ತಿತ್ತು. ಈ ಸಲ ಜನವರಿಯಲ್ಲಿ ಒಬ್ಬ ಅಜ್ಜಿ ತನ್ನ ಪುಸ್ತಕ ತೆಗೆದು "ಸಾವ್ಕಾರ್ರೇ, ನಂದು 86 ಕೆಜಿ, ರೈಟರ್ 68 ಬರ್ದಿದ್ದಾರೆ" ಅಂದಳು. ತಕ್ಕಡಿ ಚೀಟಿ ನೋಡಿದರೆ ಅವಳದೇ ಸರಿ. ಸ್ಥಳದಲ್ಲೇ ತಿದ್ದಿ ಬಾಕಿ ಕೊಟ್ಟೆವು. ಕೆಲಸ ಬಿಟ್ಟು ಹೋದವರು ಒಬ್ಬರೂ ಇಲ್ಲ. ಕುಯ್ಲಿನ ಹೊತ್ತಿಗೆ ಮಕ್ಕಳನ್ನು ಆಶ್ರಮ ಶಾಲೆಯಿಂದ (ಬುಡಕಟ್ಟು ಮಕ್ಕಳ ವಸತಿ ಶಾಲೆ) ಬಿಡಿಸಿ ತರುವುದೂ ಕಡಿಮೆಯಾಗಿದೆ. ಇದು ನನಗೆ ದುಡ್ಡಿಗಿಂತ ದೊಡ್ಡದು.

ಈ ಮಳೆಗಾಲಕ್ಕೆ ಗಿಡಕ್ಕೆ ಹೊಡೆಯುವ ಔಷಧಿ ಡಬ್ಬದ ಮೇಲಿನ ಬರಹ ಓದುವುದನ್ನು ಕಲಿಸಬೇಕು. ವಿಷ ಎಷ್ಟು ಅಂತ ಹೇಳುವ ಕೆಂಪು, ಹಳದಿ, ನೀಲಿ, ಹಸಿರು ಗುರುತು ಈಗಾಗಲೇ ಗೊತ್ತು, ಅಳತೆ ಓದಲು ಬರಬೇಕು. ಖಾಲಿ ಡಬ್ಬಗಳನ್ನು ತೊಳೆದರೂ ಪಾಠಕ್ಕೆ ತರಬೇಡಿ. ನಾವು ಬರೀ ಲೇಬಲ್ ಕಿತ್ತು ರಟ್ಟಿಗೆ ಅಂಟಿಸಿ ಇಟ್ಟುಕೊಂಡಿದ್ದೇವೆ.