ಮೌತ್‌ಪೀಸ್ ಆರಿಸಿದ ಬಗೆ: ಮೊದಲು ರಿಮ್, ಆಮೇಲೆ ಕಪ್

ಟ್ರಂಪೆಟ್ ಊದುವವರು ನಾಲ್ಕು ಜನ ಸೇರಿದರೆ ಮಾತು ಸುತ್ತಿ ಬಳಸಿ, ವಾದ್ಯದ ತುದಿಗೆ ಸಿಕ್ಕಿಸಿ ತುಟಿಗಿಟ್ಟು ಊದುವ ಮೌತ್‌ಪೀಸಿಗೇ ಬರುತ್ತದೆ. ಒಬ್ಬರು ಜೇಬಿನಿಂದ ತೆಗೆಯುತ್ತಾರೆ, ಇನ್ನೊಬ್ಬರು ಒರೆಸಿ ತಮ್ಮ ವಾದ್ಯಕ್ಕೆ ಸಿಕ್ಕಿಸಿ ಎರಡು ಸಲ ಜೋರಾಗಿ ಊದುತ್ತಾರೆ. ಮೇಲಿನ ಸ್ವರ ಸಲೀಸಾಗಿ ಬಂದರೆ ಅದೇ ಒಳ್ಳೆಯ ಮೌತ್‌ಪೀಸ್ ಎಂದು ತೀರ್ಮಾನವೂ ಆಗಿಬಿಡುತ್ತದೆ. ಈ ಪರೀಕ್ಷೆಯನ್ನು ನಾನು ಒಪ್ಪುವುದಿಲ್ಲ. ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆದ ಎನ್ನುತ್ತಾರಲ್ಲ, ತುಟಿಯೂ ಹಾಗೆಯೇ. ಹೊಸ ರಿಮ್, ಅಂದರೆ ಮೌತ್‌ಪೀಸಿನ ಅಂಚಿನ ಬಳೆ, ತಾಗಿದ ಮೊದಲ ದಿನ ಅದಕ್ಕೆ ಎಲ್ಲಿಲ್ಲದ ಹುರುಪು. ಆ ಹುರುಪು ಇಳಿದ ಮೇಲೆ ಏನು ಉಳಿಯುತ್ತದೆ ಎಂಬುದನ್ನು ನೋಡಿಯೇ ನಾನು ನನ್ನದನ್ನು ಆರಿಸಿಕೊಂಡದ್ದು.

ವಾದ್ಯದ ಜೊತೆಗೇ ಬಂದಿದ್ದ 7ಸಿ ಅಳತೆಯ ಮೌತ್‌ಪೀಸಿನಲ್ಲೇ ನಾನು ವರ್ಷಗಟ್ಟಲೆ ಊದಿದ್ದೇನೆ. ಮಾರ್ಚ್‌ಗಳಿಗೆ, ದೊಡ್ಡ ಬ್ಯಾಂಡಿನ ಗದ್ದಲಕ್ಕೆ ಅದು ಚೆನ್ನಾಗಿಯೇ ಒದಗಿತು. ಎರಡು ಟ್ರಂಪೆಟ್, ಒಂದು ಹಾರ್ನ್, ಒಂದು ಟ್ರೊಂಬೋನ್, ಒಂದು ಟ್ಯೂಬಾ ಇರುವ ಬ್ರಾಸ್ ಕ್ವಿಂಟೆಟ್ ಸೇರಿದ ಮೇಲೆ ಅಗತ್ಯಗಳು ಬದಲಾದವು. ಅಲ್ಲಿ ಮೆಲುದನಿಯ ಉದ್ದುದ್ದ ಸಾಲುಗಳೇ ಹೆಚ್ಚು. ನನ್ನ ದನಿ ಹಾರ್ನಿನ ಜೊತೆ ಬೆರೆಯದೆ ಎದ್ದು ಕಾಣುತ್ತಿತ್ತು. ರಿಹರ್ಸಲ್ ಮುಗಿಯುವ ಹೊತ್ತಿಗೆ ಮೇಲ್ದುಟಿಯ ಮೇಲೆ ರಿಮ್‌ನ ಒಳ ಅಂಚು ಕೊರೆದ ಗೆರೆ ಮೂಡಿರುತ್ತಿತ್ತು.

ಇವು ಎರಡು ಬೇರೆ ಬೇರೆ ತೊಂದರೆಗಳು. ಗೆರೆ ತುಟಿಗೆ ಸಂಬಂಧಿಸಿದ್ದು, ಬೆರೆಯದ ದನಿ ಕಿವಿಗೆ ಸಂಬಂಧಿಸಿದ್ದು. ಇವೆರಡನ್ನು ಬಿಡಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ರಿಮ್ ತುಟಿಯ ಸ್ವತ್ತು. ಕಪ್ ಮತ್ತು ಅದರ ಹಿಂದಿನದೆಲ್ಲ ಸಂಗೀತದ ಸ್ವತ್ತು. ರಿಮ್ ಒಮ್ಮೆ ನಿಂತಿತೆಂದರೆ ಅದನ್ನು ಮುಟ್ಟಬಾರದು. ನುಡಿಸುವ ಸಂಗೀತ ಬದಲಾದರೆ ಕಪ್ ಬದಲಿಸಬಹುದು.

ಒಳಗೆ ಏನೇನಿದೆ ಎಂದು ಚುಟುಕಾಗಿ ಹೇಳುತ್ತೇನೆ. ತುಟಿಗೆ ತಾಗುವ ಬಳೆ ರಿಮ್. ಅದರೊಳಗಿನ ಬಟ್ಟಲು ಕಪ್. ಬಟ್ಟಲಿನ ತಳದ ಕಿರಿದಾದ ತೂತು ಥ್ರೋಟ್. ಅಲ್ಲಿಂದ ಮುಂದಕ್ಕೆ ಮೆಲ್ಲಗೆ ಅಗಲವಾಗುತ್ತ ಹೋಗುವ ದಾರಿ ಬ್ಯಾಕ್‌ಬೋರ್. ಇದಿಷ್ಟನ್ನೂ ಹೊತ್ತು ವಾದ್ಯದೊಳಗೆ ಕೂರುವ ಹೊರಭಾಗ ಶ್ಯಾಂಕ್. ಬಟ್ಟಲು ಆಳವಾದಷ್ಟೂ ದನಿ ಗಾಢ, ಆಳ ಕಡಿಮೆಯಾದಷ್ಟೂ ಚುರುಕು. ಇದನ್ನು ವಾದ್ಯವಿಲ್ಲದೆಯೂ ಕೇಳಬಹುದು. ಮೌತ್‌ಪೀಸನ್ನು ಕೈಯಲ್ಲಿ ಹಿಡಿದು ರಿಮ್ ಮೇಲೆ ಅಂಗೈಯಿಂದ ಪಟ್ಟನೆ ತಟ್ಟಿ: ‘ಟಪ್’ ಎಂಬ ಸದ್ದಿಗೆ ಒಂದು ಸ್ಪಷ್ಟ ಸ್ಥಾಯಿ ಇರುತ್ತದೆ. ಆಳದ ಕಪ್ಪಿನದು ತಗ್ಗಿನಲ್ಲಿ, ಆಳ ಕಡಿಮೆ ಇರುವುದರದು ಮೇಲೆ. ಬಟ್ಟಲಿನ ಗಾಳಿಯೂ ಥ್ರೋಟಿನ ಗಾಳಿಯೂ ಕೂಡಿ ತಮ್ಮದೇ ಒಂದು ಸ್ವರದಲ್ಲಿ ಅನುರಣಿಸುತ್ತವೆ. ಆ ಸ್ವರದ ಆಸುಪಾಸಿನ ಹಾರ್ಮೋನಿಕ್‌ಗಳಿಗೆ, ಅಂದರೆ ಮೂಲ ಸ್ವರದ ಎರಡು, ಮೂರು ಪಟ್ಟು ಕಂಪನದ ಮೇಲ್ಸ್ವರಗಳಿಗೆ, ವಾದ್ಯ ಹೆಚ್ಚು ಬಲ ಕೊಡುತ್ತದೆ. ಹೊಸದೊಂದನ್ನು ಕೈಗೆತ್ತಿಕೊಂಡಾಗ ನಾನು ಊದುವ ಮೊದಲು ತಟ್ಟಿ ನೋಡುತ್ತೇನೆ.

ಮೇಲೆ ಕೆತ್ತಿರುವ ಅಂಕಿಗಳ ಬಗ್ಗೆ ಎಚ್ಚರವಿರಲಿ. ಎಲ್ಲರ ಬಾಯಲ್ಲೂ ಓಡಾಡುವುದು ವಿನ್ಸೆಂಟ್ ಬಾಕ್ ಅವರ ಪದ್ಧತಿ. ಅವರು ಸ್ವತಃ ಟ್ರಂಪೆಟ್ ವಾದಕರು, 1918ರಲ್ಲಿ ನ್ಯೂಯಾರ್ಕ್‌ನಲ್ಲಿ ಮೌತ್‌ಪೀಸ್ ತಯಾರಿಕೆ ಶುರುಮಾಡಿದವರು. ಬಾಕ್‌ನಲ್ಲಿ ಅಂಕಿ ಚಿಕ್ಕದಾದಷ್ಟೂ ಅಗಲ ಹೆಚ್ಚು, ಅಕ್ಷರ ‘ಎ’ ಕಡೆಗೆ ಹೋದಷ್ಟೂ ಆಳ ಹೆಚ್ಚು. ಬೇರೆ ತಯಾರಕರಾದ ಯಮಾಹಾ ಮತ್ತು ಶಿಲ್ಕಿಯಲ್ಲಿ ಇದು ತಿರುವುಮುರುವು: ಅಂಕಿ ದೊಡ್ಡದಾದಷ್ಟೂ ಅಗಲ, ‘ಎ’ ಎಂದರೆ ಆಳ ತೀರ ಕಡಿಮೆ. ಯಮಾಹಾದ 11ಬಿ4 ಎಂಬುದರಲ್ಲಿ ಕೊನೆಯ 4 ರಿಮ್‌ನ ಆಕಾರ ಹೇಳುತ್ತದೆ. ಅಂಕಿ ಏರಿದಂತೆ ರಿಮ್ ಚಪ್ಪಟೆ. ಡೆನಿಸ್ ವಿಕ್‌ನಲ್ಲಿ ಮತ್ತೆ ಚಿಕ್ಕ ಅಂಕಿ ಎಂದರೆ ದೊಡ್ಡ ಅಳತೆ. ಹಾಗಾಗಿ ತಯಾರಕರ ಹೆಸರು ಬಿಟ್ಟು ಬರೀ ಅಂಕಿ ಕೇಳಿ ಕೊಳ್ಳಲು ಹೋಗಬೇಡಿ.

ಒಂದೇ ಪದ್ಧತಿಯ ಒಳಗೂ ಅಂಕಿ ಪೂರ್ತಿ ವಿಷಯ ಹೇಳುವುದಿಲ್ಲ. ಬಾಕ್ ಪಟ್ಟಿಯಲ್ಲಿ 7ಸಿಯ ಒಳವ್ಯಾಸ 16.20 ಮಿ.ಮೀ., 3ಸಿಯದು 16.30. ಕಾಗದದ ಮೇಲೆ ಹತ್ತನೇ ಒಂದು ಮಿಲಿಮೀಟರ್ ವ್ಯತ್ಯಾಸ. ತುಟಿಗೆ ಮಾತ್ರ ಅವು ಬೇರೆಯೇ ಎರಡು ವಸ್ತುಗಳು. ಒಳ ಅಂಚು ಎಷ್ಟು ಹರಿತ, ರಿಮ್‌ನ ಎತ್ತರದ ಬಿಂದು ಒಳಗಡೆಗಿದೆಯೋ ಹೊರಗಡೆಗಿದೆಯೋ ಎಂಬುದು ಆ ಹತ್ತನೇ ಒಂದಕ್ಕಿಂತ ಎಷ್ಟೋ ಜೋರಾಗಿ ಗೊತ್ತಾಗುತ್ತದೆ. ವ್ಯಾಸವನ್ನು ಕಪ್ಪಿನ ಒಳಗೆ ಯಾವ ಆಳದಲ್ಲಿ ಅಳೆಯಬೇಕು ಎಂಬುದಕ್ಕೂ ಎಲ್ಲ ತಯಾರಕರು ಒಪ್ಪಿದ ನಿಯಮವಿಲ್ಲ.

ನನ್ನ ಪರೀಕ್ಷೆ ರಿಮ್‌ನಿಂದ ಶುರುವಾಯಿತು. ಕಪ್ಪಿನ ಆಳ ಹೆಚ್ಚುಕಡಿಮೆ ಒಂದೇ ಇರುವ, ಅಗಲ ಮತ್ತು ಅಂಚು ಮಾತ್ರ ಬೇರೆಯಿರುವ ಕೆಲವನ್ನು ಗೆಳೆಯರಿಂದ ಎರವಲು ತಂದೆ. ಎರವಲಿನದನ್ನು ಸೋಪು ಹಾಕಿದ ಬೆಚ್ಚಗಿನ ನೀರಿನಲ್ಲಿ ಬ್ರಷ್ ಆಡಿಸಿ ತೊಳೆದೇ ಬಾಯಿಗಿಡಬೇಕು, ಇದರಲ್ಲಿ ರಾಜಿಯಿಲ್ಲ. ವಾದ್ಯ ಅದೇ, ಕೋಣೆ ಅದೇ, ದಿನದ ಹೊತ್ತೂ ಅದೇ. ಮೊದಲು ಹಳೆಯದರಲ್ಲಿ ತುಟಿ ಬೆಚ್ಚಗಾಗುವಷ್ಟು ಊದಿ, ಆಮೇಲೆ ಹೊಸದಕ್ಕೆ ಹೋಗುತ್ತಿದ್ದೆ. ಒಂದು ದಿನಕ್ಕೆ ಒಂದೇ ಹೊಸದು. ಎರಡು ಮೂರನ್ನು ಬೆನ್ನುಬೆನ್ನಿಗೆ ಹಾಕಿದರೆ ಮೂರನೆಯದರ ಬಗ್ಗೆ ತುಟಿ ಕೊಡುವ ಸಾಕ್ಷಿ ನಂಬಲರ್ಹವಲ್ಲ.

ನಾನು ಹೆಚ್ಚು ನೆಚ್ಚಿಕೊಂಡದ್ದು ಉಸಿರಿನ ಆರಂಭವನ್ನು. ಸ್ಟಾಫಿನ, ಅಂದರೆ ಸ್ವರ ಬರೆಯುವ ಐದು ಗೆರೆಗಳ, ಎರಡನೇ ಗೆರೆಯ ಜಿ ಸ್ವರವನ್ನು ನಾಲಿಗೆ ತಾಗಿಸದೆ, ಬರೀ ಉಸಿರಿನಿಂದ, ಎಷ್ಟು ಮೆಲ್ಲಗೆ ಸಾಧ್ಯವೋ ಅಷ್ಟು ಮೆಲ್ಲಗೆ ಹುಟ್ಟಿಸುವುದು. ರಿಮ್ ತುಟಿಗೆ ಒಗ್ಗಿದ್ದರೆ ಗಾಳಿ ಹೊರಟ ಕೂಡಲೇ ಸ್ವರ ಮೂಡುತ್ತದೆ. ಒಗ್ಗದಿದ್ದರೆ ಮೊದಲು ಸ್ವಲ್ಪ ಬರೀ ಗಾಳಿ, ಆಮೇಲೆ ಎಲ್ಲೋ ಎಡವಿದಂತೆ ಸ್ವರ. ಜೋರಾಗಿ ಊದುವಾಗ ಈ ತೊಡಕು ಮುಚ್ಚಿಹೋಗುತ್ತದೆ. ಮೆಲ್ಲಗೆ ಊದುವಾಗ ಮುಚ್ಚಲು ಏನೂ ಇರುವುದಿಲ್ಲ. ಇದನ್ನು ಅಭ್ಯಾಸದ ಆರಂಭದಲ್ಲಿ ಒಮ್ಮೆ, ತುಟಿ ದಣಿದ ಮೇಲೆ ಇನ್ನೊಮ್ಮೆ ಮಾಡುತ್ತಿದ್ದೆ. ಆರಿಸಿಕೊಳ್ಳುವಾಗ ಎರಡನೆಯ ಸಲದ ಫಲಿತಾಂಶಕ್ಕೇ ನಾನು ತೂಕ ಕೊಟ್ಟೆ.

ತುಂಬ ಅಗಲದ 1½ಸಿ ಮೊದಲ ದಿನ ಕೊಟ್ಟ ದನಿ ಈಗಲೂ ಕಿವಿಯಲ್ಲಿದೆ: ಅಗಲ, ತುಂಬು, ಕ್ವಿಂಟೆಟ್ಟಿಗೆ ಹೇಳಿ ಮಾಡಿಸಿದಂಥದ್ದು. ಆದರೆ ರಿಹರ್ಸಲಿನ ಎರಡನೇ ಅರ್ಧಕ್ಕೆ ಬರುವಷ್ಟರಲ್ಲಿ ಮೆಲ್ಲಗಿನ ಆರಂಭಗಳು ಕೈಕೊಡುತ್ತಿದ್ದವು. ಒಳಗೆ ಹೆಚ್ಚು ತುಟಿ ಕಂಪಿಸಬೇಕು, ಅದನ್ನು ಹಿಡಿದಿಡಲು ಬಾಯಿಯ ಮೂಲೆಗಳ ಸ್ನಾಯುಗಳಿಗೆ ಹೆಚ್ಚು ದುಡಿಮೆ. ದಿನವೂ ಗಂಟೆಗಟ್ಟಲೆ ಆರ್ಕೆಸ್ಟ್ರಾದಲ್ಲಿ ಊದುವವರ ತುಟಿಗೆ ಆ ಕಸುವು ಇರುತ್ತದೆ. ದೊಡ್ಡದರಲ್ಲಿ ಊದಿದರೇನೇ ಗಂಭೀರ ವಾದಕ ಎಂಬ ಮಾತನ್ನು ಎಳೆಯರ ಕಿವಿಗೆ ಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ದಪ್ಪ ತುಟಿಗೆ ದೊಡ್ಡ ಮೌತ್‌ಪೀಸ್ ಎಂಬುದೂ ಅಂಥದ್ದೇ ಮಾತು. ತುಟಿಯ ದಪ್ಪಕ್ಕಿಂತ ಅದರ ಹಿಂದಿರುವ ಹಲ್ಲಿನ ಸಾಲು ಮುಖ್ಯ. ನನ್ನ ಮೇಲಿನ ಮುಂಹಲ್ಲೊಂದರ ಅಂಚು ತುಸು ಮುಂದಕ್ಕಿದೆ. ರಿಮ್ ತುಟಿಯನ್ನು ಒತ್ತುವುದು ಸರಿಯಾಗಿ ಆ ಜಾಗದಲ್ಲೇ. ಚಪ್ಪಟೆ ರಿಮ್ ಒತ್ತಡವನ್ನು ಹರಡುತ್ತದೆ, ತುಟಿ ಬೇಗ ದಣಿಯದು. ಆದರೆ ಲಿಪ್ ಸ್ಲರ್ ಮಾಡುವಾಗ, ಅಂದರೆ ನಾಲಿಗೆ ತಾಗಿಸದೆ ತುಟಿಯಿಂದಲೇ ಸ್ವರದಿಂದ ಸ್ವರಕ್ಕೆ ಜಾರುವಾಗ, ತುಟಿ ಅಂಟಿಕೊಂಡಂತೆ ಆಗುತ್ತದೆ. ಕಿರಿದಾದ ದುಂಡು ರಿಮ್‌ನಲ್ಲಿ ತುಟಿ ಹಗುರವಾಗಿ ಓಡಾಡುತ್ತದೆ, ಬೇಗ ನೋಯುತ್ತದೆ. ಹರಿತ ಒಳ ಅಂಚಿನಲ್ಲಿ ಸ್ವರದ ಆರಂಭ ಖಚಿತ, ಗೆರೆಯೂ ಅಷ್ಟೇ ಖಚಿತ. ನನಗೆ ಕೊನೆಗೆ ಒಗ್ಗಿದ್ದು ಮಧ್ಯಮ ಅಗಲದ, ಒಳ ಅಂಚು ತುಸು ಮೃದುವಾದ 3ಸಿ. ಮಾರನೇ ದಿನ ಬೆಳಿಗ್ಗೆ ತುಟಿ ಊದಿಕೊಂಡಿರಲಿಲ್ಲ, ಮೊದಲ ಸ್ವರಕ್ಕೇ ಸ್ಪಂದಿಸಿತು. ನನಗೆ ಬೇಕಿದ್ದ ಪುರಾವೆ ಅದು.

ರಿಮ್ ಗೊತ್ತಾದ ಮೇಲೆ ದನಿಯ ಸರದಿ. ಇಲ್ಲಿ ನನ್ನ ಕಿವಿಯನ್ನು ನಾನು ನೆಚ್ಚಲಿಲ್ಲ. ವಾದ್ಯದ ಹಿಂದೆ ನಿಂತವನಿಗೆ ಕೇಳುವುದು ಒಂದು, ವಾದ್ಯದ ಅಗಲ ಬಾಯಿಯ ಮುಂದೆ ದೂರದಲ್ಲಿ ಕೂತವನಿಗೆ ಕೇಳುವುದು ಇನ್ನೊಂದು. ನಮ್ಮ ಟ್ರೊಂಬೋನ್ ವಾದಕರನ್ನು ಸಭಾಂಗಣದ ಕೊನೆಯ ಸಾಲಿನಲ್ಲಿ ಬೆನ್ನು ತಿರುಗಿಸಿ ಕೂರಿಸಿ, ಒಂದೇ ಸಾಲನ್ನು ಬೇರೆ ಬೇರೆ ಕಪ್‌ಗಳಲ್ಲಿ ಊದಿದೆ. “ಈಗಿನದು ಹತ್ತಿರ ಬಂತು, ಆದರೆ ತೆಳುವಾಯ್ತು ನೋಡಿ,” ಎಂದರು ಒಮ್ಮೆ. ಊದಿದ್ದ ನನಗೆ ಅದೇ ಎಲ್ಲಕ್ಕಿಂತ ತುಂಬು ಅನ್ನಿಸಿತ್ತು. ಬಹಳ ಆಳದ ಕಪ್ಪಿನ ದನಿ ನನ್ನ ಸುತ್ತಲೇ ಮೆತ್ತಗೆ ಸುಳಿದಾಡಿ ಅವರ ತನಕ ಮುಟ್ಟಿರಲೇ ಇಲ್ಲ. ಮಧ್ಯಮ ಆಳದ್ದೇ ಹಾರ್ನಿನ ಜೊತೆ ಬೆರೆತೂ ದೂರಕ್ಕೆ ಸಾಗಿತು.

ಶ್ರುತಿ ನೋಡುವಾಗ ಟ್ಯೂನರ್ ಬಳಸಿದೆ, ಆದರೆ ಕಣ್ಣು ಮುಚ್ಚಿಕೊಂಡು. ಸ್ವರ ಹಿಡಿದು, ಅದು ತನಗೆ ತಾನೇ ನೆಲೆ ನಿಂತ ಮೇಲೆ ಕಣ್ಣು ತೆರೆಯುವುದು. ಮುಳ್ಳನ್ನೇ ನೋಡುತ್ತ ಊದಿದರೆ ಗೊತ್ತಿಲ್ಲದಂತೆ ತುಟಿ ಸ್ವರವನ್ನು ಎಳೆದು ಕೂರಿಸಿಬಿಡುತ್ತದೆ. ಕೆಳಗಿನ ಸಿ, ಜಿ, ನಡುವಿನ ಸಿ, ಅದರ ಮೇಲಿನ ಇ, ಹೀಗೆ ವಾಲ್ವ್ ಒತ್ತದ ಸ್ವರಗಳನ್ನು ಸಾಲಾಗಿ ನೋಡಿದೆ. ಆ ಇ ಐದನೇ ಹಾರ್ಮೋನಿಕ್. ಪಿಯಾನೋದ ಶ್ರುತಿಗೆ ಹೋಲಿಸಿದರೆ ಸುಮಾರು 14 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ತಗ್ಗಿನಲ್ಲಿರುವುದು ಅದರ ಸ್ವಭಾವ. ಅದು ತುಸು ಇಳಿದಿದೆ ಎಂದು ಮೌತ್‌ಪೀಸನ್ನು ದೂರುವಂತಿಲ್ಲ. ಎರಡು ಸಿಗಳ ನಡುವಿನ ಅಂತರ ಹಿಗ್ಗಿದರೆ ಅಥವಾ ಕುಗ್ಗಿದರೆ ಮಾತ್ರ ಆ ಕಪ್, ಆ ಬ್ಯಾಕ್‌ಬೋರ್ ಈ ವಾದ್ಯಕ್ಕೆ ಹೊಂದುತ್ತಿಲ್ಲ ಎಂದು ಬಗೆದೆ.

ಥ್ರೋಟನ್ನು ನಾನು ಮುಟ್ಟಲಿಲ್ಲ. ಬಾಕ್ ಟ್ರಂಪೆಟ್ ಮೌತ್‌ಪೀಸುಗಳಲ್ಲಿ ಸಾಮಾನ್ಯವಾಗಿರುವುದು 27ನೇ ನಂಬರಿನ ಡ್ರಿಲ್ ಅಳತೆ, 3.66 ಮಿ.ಮೀ. ಸ್ವಲ್ಪ ಕೊರೆಸಿದರೆ ಗಾಳಿ ಸರಾಗವಾಗಿ ಹೋಗುತ್ತದೆ ಎಂದು ಹೇಳುವವರಿದ್ದಾರೆ. ಹೋಗುತ್ತದೆ ನಿಜ, ಕೊರೆದ ಲೋಹ ಮರಳಿ ಬರುವುದಿಲ್ಲ.

ಲೇಪನದ ವಿಷಯ ದನಿಗಿಂತ ಚರ್ಮಕ್ಕೆ ಸಂಬಂಧಿಸಿದ್ದು. ಬೆಳ್ಳಿ ಲೇಪನ ಬಹುಪಾಲು ಜನರಿಗೆ ಸಾಕು. ಬೆಳ್ಳಿ ತಾಗಿದಲ್ಲಿ ತುರಿಕೆ ಬರುವವರು ಚಿನ್ನದ ಲೇಪನಕ್ಕೆ ಹೋಗುತ್ತಾರೆ. ಅದರ ಮೇಲೆ ತುಟಿ ಹೆಚ್ಚು ಜಾರುತ್ತದೆ ಎಂಬುದು ಊದಿದವರಿಗೆಲ್ಲ ಗೊತ್ತು. ಲೇಪನ ಸವೆದು ಒಳಗಿನ ಹಿತ್ತಾಳೆ ಇಣುಕುತ್ತಿರುವುದನ್ನು ಮಾತ್ರ ಬಾಯಿಗಿಡಬೇಡಿ. ಹಿತ್ತಾಳೆ ಚರ್ಮವನ್ನು ಕೆರಳಿಸುತ್ತದೆ, ಅದರಲ್ಲಿ ಸೀಸ ಬೆರೆತಿರುವುದೂ ಉಂಟು.

ಶ್ಯಾಂಕ್ ಸರಿಯಾಗಿ ಕೂರದಿದ್ದರೆ ಇಷ್ಟೆಲ್ಲ ಆರಿಸಿಯೂ ಪ್ರಯೋಜನವಿಲ್ಲ. ಟ್ರೊಂಬೋನಿನಲ್ಲಿ ಸಣ್ಣ ಶ್ಯಾಂಕ್, ದೊಡ್ಡ ಶ್ಯಾಂಕ್ ಎಂದು ಎರಡಿವೆ, ಚಿಕ್ಕ ಟ್ಯೂಬಾದಂಥ ಕೆಲವು ಯುಫೋನಿಯಂಗಳಿಗೆ ಇವೆರಡರ ನಡುವಿನದು ಬೇಕು. ಟ್ರಂಪೆಟ್ಟಿನ ಹತ್ತಿರದ ನೆಂಟ ಕಾರ್ನೆಟ್ಟಿನ ಶ್ಯಾಂಕ್ ಟ್ರಂಪೆಟ್ಟಿನದಕ್ಕಿಂತ ಕಿರಿದು. ಮೌತ್‌ಪೀಸನ್ನು ಮೆಲ್ಲಗೆ ಸಿಕ್ಕಿಸಿ ಬೆರಳ ತುದಿಯಿಂದ ಪಕ್ಕಕ್ಕೆ ಅಲ್ಲಾಡಿಸಿ ನೋಡುತ್ತೇನೆ. ಕುಲುಕಿದರೆ ಅದು ಆ ವಾದ್ಯದ್ದಲ್ಲ, ಇಲ್ಲವೇ ಬಿದ್ದು ತುದಿ ನೆಗ್ಗಿದೆ. ಗಟ್ಟಿಯಾಗಿ ಕೂತರೂ ಇನ್ನೊಂದು ಸಂಗತಿ ಇದೆ: ಶ್ಯಾಂಕಿನ ತುದಿಗೂ ಒಳಗಿನ ಲೀಡ್‌ಪೈಪಿನ (ವಾದ್ಯದ ಮೊದಲ ಕೊಳವೆಯ) ಆರಂಭಕ್ಕೂ ನಡುವೆ ಉಳಿಯುವ ಸಂದು. ಹೊರಗಿನಿಂದ ಕಾಣದ ಈ ಸಂದು ಸ್ವಲ್ಪ ಬದಲಾದರೂ ಸ್ವರಗಳು ತಮ್ಮ ಜಾಗದಲ್ಲಿ ಕಚ್ಚಿಕೊಳ್ಳುವ ರೀತಿ ಬದಲಾಗುತ್ತದೆ. ನಾನು ಮಾಡಿದ್ದು ಸರಳ: ಬರೆಯುವ ಕಾಗದದ ಸಣ್ಣ ಪಟ್ಟಿಗಳನ್ನು ಕತ್ತರಿಸಿ, ಶ್ಯಾಂಕಿನ ಉದ್ದಕ್ಕೂ ಎದುರುಬದುರಾಗಿ ಇಟ್ಟು ಸಿಕ್ಕಿಸಿದೆ. ಕಾಗದದ ದಪ್ಪದಿಂದಾಗಿ ಮೌತ್‌ಪೀಸ್ ಕೂದಲೆಳೆಯಷ್ಟು ಹೊರಗೆ ನಿಂತು ಸಂದು ಹಿಗ್ಗಿತು. ಮೇಲಿನ ಜಿ ಮೊದಲಿಗಿಂತ ಗಟ್ಟಿಯಾಗಿ ನಿಂತಿತು. ಪಟ್ಟಿಗಳನ್ನು ಎರಡು ಪದರ ಮಾಡಿದಾಗ ಮತ್ತೆ ಸಡಿಲವಾಯಿತು. ಒಂದೇ ಪದರದ ಆ ಅಳತೆಯನ್ನು ಗುರುತು ಮಾಡಿಕೊಂಡು, ಅಷ್ಟೇ ಹೊರಗೆ ಕೂರುವಂಥ ಶ್ಯಾಂಕಿನ 3ಸಿಯನ್ನು ಹುಡುಕಿ ತೆಗೆದುಕೊಂಡೆ. ಕಾರ್ನೆಟ್ಟಿಗೆ ಆಮೇಲೆ ಕೊಂಡದ್ದು ಅದೇ ರಿಮ್‌ಗೆ ಆದಷ್ಟು ಹತ್ತಿರದ, ಕಪ್ ಮಾತ್ರ ಆಳವಾದದ್ದು. ಒಂದೇ ಕಾರ್ಯಕ್ರಮದಲ್ಲಿ ಎರಡೂ ವಾದ್ಯ ಎತ್ತಿಕೊಳ್ಳಬೇಕಾದಾಗ ಈಗ ತುಟಿಯ ಜಾಗ ಹುಡುಕುವ ಪ್ರಮೇಯವಿಲ್ಲ.