ಕೀಮೋ ನಡುವೆ ನಡಿಗೆ: ನಾನು ಮಾಡಿಸುವ ರೀತಿ

ವಿಜಯಪುರ, ಕಲಬುರಗಿ ಕಡೆಯಿಂದ ಮುಂಬೈನ ಪರೇಲಿಗೆ ಕ್ಯಾನ್ಸರ್ ಚಿಕಿತ್ಸೆಗೆ ಬರುವವರಿಗೆ ಮನೆಯವರು ಹೇಳುವುದು ಒಂದೇ: "ಸುಮ್ನ ಮಕ್ಕೋ, ಏಳಬ್ಯಾಡ." ಕೀಮೋ ದಣಿವಿಗೆ ಈ ಬುದ್ಧಿವಾದ ನಡೆಯುವುದಿಲ್ಲ. ಮಲಗಿದಷ್ಟೂ ಸ್ನಾಯು ಸವೆಯುತ್ತದೆ, ಸವೆದಷ್ಟೂ ಬಚ್ಚಲಿಗೆ ಹೋಗಿಬರುವುದೇ ಭಾರವಾಗುತ್ತದೆ. ಈ ದಣಿವು ಇಳಿಸುವುದರಲ್ಲಿ ವ್ಯಾಯಾಮಕ್ಕಿರುವಷ್ಟು ಆಧಾರ ಮಾತ್ರೆಗಳಿಗಿಲ್ಲ.

ನಾನು ನರ್ಸ್. ರೋಗಿಯನ್ನು ಎಬ್ಬಿಸುವ ಮೊದಲು ಕೇಸ್ ಪೇಪರ್ ನೋಡುತ್ತೇನೆ. ಜ್ವರ 100.4 ಡಿಗ್ರಿ ಮುಟ್ಟಿದ್ದರೆ, ಹಿಮೋಗ್ಲೋಬಿನ್ 8ಕ್ಕಿಂತ ಕೆಳಗಿದ್ದರೆ, ಕೂತಲ್ಲೇ ನಾಡಿ 100 ದಾಟಿದ್ದರೆ ಡಾಕ್ಟರನ್ನು ಕೇಳದೆ ನಡೆಸುವುದಿಲ್ಲ. ಪ್ಲೇಟ್‌ಲೆಟ್ 50,000ಕ್ಕಿಂತ ಕಡಿಮೆಯಿದ್ದರೆ ಭಾರ ಎತ್ತುವುದು, ರಬ್ಬರ್ ಬ್ಯಾಂಡ್ ಎಳೆಯುವುದು ಬಂದ್. ರೋಗ ಮೂಳೆಗೆ ಹರಡಿದ್ದರೆ ಸೊಂಟ ತಿರುಚುವುದಾಗಲಿ ಜೋರಾಗಿ ಬಾಗುವುದಾಗಲಿ ಬೇಡವೇ ಬೇಡ. ಫಿಸಿಯೋಥೆರಪಿಸ್ಟ್ ನೋಡಿದ ಮೇಲೆಯೇ ಶುರು. ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ತಿಕ್ಕಬಾರದು. ರಕ್ತ ಹೆಪ್ಪುಗಟ್ಟಿರಬಹುದು, ತಕ್ಷಣ ತೋರಿಸಬೇಕು.

ಕೀಮೋ ಆದ ಮೊದಲ ದಿನಗಳಲ್ಲಿ ಐದೈದು ನಿಮಿಷ, ದಿನಕ್ಕೆ ಮೂರು ಸಲ, ಧರ್ಮಶಾಲೆಯ ಪಡಸಾಲೆಯಲ್ಲೇ ನಡೆಸಿದರೆ ಸಾಕು. ಮುಂದಿನ ಡೋಸ್ ಹತ್ತಿರವಾಗುವಾಗ ಮೈಯಲ್ಲಿ ತ್ರಾಣ ಮರಳುತ್ತದೆ. ಆಗ ಇಪ್ಪತ್ತು, ಮೂವತ್ತು ನಿಮಿಷಕ್ಕೆ ಏರಿಸುತ್ತೇನೆ. ಗುರಿ ವಾರಕ್ಕೆ ಮೂರು ದಿನ ಮೂವತ್ತು ನಿಮಿಷದ ನಡಿಗೆ, ಎರಡು ದಿನ ಸ್ನಾಯು ಬಲದ ವ್ಯಾಯಾಮ: ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ತಲಾ ಎಂಟು ಸಲ, ಎರಡು ಸುತ್ತು. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು; ವೇಗಕ್ಕೆ ಇದೇ ಅಳತೆ. ಕೀಮೋದ ಏಳರಿಂದ ಹದಿನಾಲ್ಕನೇ ದಿನದ ನಡುವೆ ಬಿಳಿ ರಕ್ತಕಣ ಸಾಮಾನ್ಯವಾಗಿ ತೀರ ಕುಸಿದಿರುತ್ತದೆ. ಆಗ ಜನಜಂಗುಳಿಯ ಗಾರ್ಡನ್ ಬೇಡ, ಮಳೆಗಾಲದಲ್ಲಿ ನಿಂತ ನೀರು ತುಳಿಯುವುದಂತೂ ಬೇಡ.

ಹೆಚ್ಚು ಎಡವಟ್ಟಾಗುವುದು ಪಾದದಲ್ಲಿ. ಪ್ಯಾಕ್ಲಿಟ್ಯಾಕ್ಸೆಲ್, ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧಿ ತಗೊಂಡವರು "ಸಿಸ್ಟರ್, ಹತ್ತಿ ಮ್ಯಾಲೆ ನಡದಂಗ ಆಗ್ತೈತ್ರಿ" ಅಂದರೆ ನರಕ್ಕೆ ಪೆಟ್ಟಾಗಿದೆ ಎಂದರ್ಥ. ಹವಾಯಿ ಚಪ್ಪಲಿ ಕಾಲಿಂದ ಜಾರಿದ್ದೂ ಅವರಿಗೆ ತಿಳಿಯುವುದಿಲ್ಲ. ಹಿಮ್ಮಡಿಗೆ ಪಟ್ಟಿ ಇರುವುದನ್ನೇ ಹಾಕಿಸಬೇಕು. ಇಂಥವರು ತಿರುಗುವಾಗ ಬೀಳುವ ಭಯವಿರುತ್ತದೆ. ಪಡಸಾಲೆಯ ತುದಿ ಬಂದಾಗ ನಿಂತು, ಗೋಡೆ ಹಿಡಿದು, ಸಣ್ಣ ಹೆಜ್ಜೆಯಲ್ಲಿ ತಿರುಗಲು ಕಲಿಸುತ್ತೇನೆ. ಪಕ್ಕದಲ್ಲಿ, ಕೊಂಚ ಹಿಂದೆ ನಾನಿರುತ್ತೇನೆ.

ದೊಡ್ಡಕರುಳಿನ ಕ್ಯಾನ್ಸರಿಗೆ ಆಪರೇಷನ್, ಕೀಮೋ ಮುಗಿಸಿದವರಿಗೆ ಮೂರು ವರ್ಷ ಕ್ರಮಬದ್ಧ ವ್ಯಾಯಾಮ ಮಾಡಿಸಿದ ಚಾಲೆಂಜ್ ಅಧ್ಯಯನದ ಫಲಿತಾಂಶ 2025ರಲ್ಲಿ ಬಂತು: ಐದು ವರ್ಷದ ನಂತರ ರೋಗ ಮರಳದೆ ಉಳಿದವರು ಸುಮಾರು 80 ಪ್ರತಿಶತ, ಬರೀ ತಿಳಿವಳಿಕೆಯ ಪುಸ್ತಿಕೆ ಪಡೆದ ಗುಂಪಿನಲ್ಲಿ 74. ಎಲ್ಲ ಕ್ಯಾನ್ಸರಿಗೂ ಇದೇ ಲೆಕ್ಕ ಹಚ್ಚಬಾರದು. ಆದರೂ ನಡೆಯಲು ಹಿಂಜರಿಯುವವರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.

ಇನ್ನು ನರ್ಸುಗಳ ಮಾತು. ರೋಗಿಯ ಜೊತೆ ನಿಧಾನ ನಡೆದದ್ದು ನಮ್ಮ ವ್ಯಾಯಾಮದ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಸೊಂಟ ಹೋಗುವುದು ರೋಗಿಯನ್ನು ಮೇಲಕ್ಕೆ ಸರಿಸುವಾಗ. ಮಂಚವನ್ನು ಸೊಂಟದ ಎತ್ತರಕ್ಕೆ ಏರಿಸಿ, ಕಾಲು ಅಗಲಿಸಿ, ಮಂಡಿ ತುಸು ಮಡಚಿ, ರೋಗಿಯ ಕೆಳಗಿನ ಮಡಚಿದ ಬೆಡ್‌ಶೀಟನ್ನು ಇಬ್ಬರೂ ಹಿಡಿದು, ಮೈಭಾರವನ್ನು ಒಂದು ಕಾಲಿಂದ ಇನ್ನೊಂದಕ್ಕೆ ದಾಟಿಸುತ್ತ ಎಳೆಯಬೇಕು; ಬೆನ್ನಿನಿಂದ ಎತ್ತಬಾರದು. ಇದಕ್ಕೆ ಬೇಕಾದ ಬಲ ಬರುವುದು ವಾರಕ್ಕೆರಡು ದಿನದ ಸ್ಕ್ವಾಟ್‌ನಿಂದ, ಅಂಗಾತ ಮಲಗಿ ಸೊಂಟ ಎತ್ತಿ ಇಳಿಸುವುದರಿಂದ, ತಲಾ ಹತ್ತು ಸಲ. ನೈಟ್ ಡ್ಯೂಟಿ ಮುಗಿಸಿ ಬಂದ ಬೆಳಿಗ್ಗೆ ಮಾತ್ರ ಇದು ಬೇಡ, ಮೊದಲು ನಿದ್ದೆ.